ಕಾಶವ್ವನ ಮನೆಯ ಬೆಲ್ಲ-ನೀರು

ಮೊನ್ನೆ ಬನಹಟ್ಟಿಯಿಂದ ಜಮಖಂಡಿಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕಿಟಕಿಯಿಂದ ಹಳ್ಳವೊಂದನ್ನು ಇಣುಕಿ ನೋಡಿ, "ಈ ವರ್ಷ ಗುಲಾಬಿ ಸೀರಿ ಭಾಳ ನಡದಾವ ಅಂತ ಕಾಣ್ತೈತಿ" ಅಂದರು. ನಾನೂ ನೋಡಿದೆ. ನೂಲಿನ ಬಣ್ಣ ಹರಿದು ಬಂದು ನೀರು ಮದುಮಗಳ ಸೆರಗಿನ ಬಣ್ಣಕ್ಕೆ ತಿರುಗಿತ್ತು. ಇಬ್ಬರೂ ಮನಸಾರೆ ನಕ್ಕೆವು. ನೇಕಾರರ ಸೀಮೆಯಲ್ಲಿ ಪೇಟೆಯ ಸುದ್ದಿ ತಿಳಿಯಲು ಪೇಪರು ಓದಬೇಕಿಲ್ಲ ನೋಡಿ.

ನಕ್ಕ ಮೇಲೆ ಕಾಶವ್ವ ನೆನಪಾದಳು.

ಕೆಲವು ವರ್ಷಗಳ ಹಿಂದೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ಕಡೆಯ ಒಬ್ಬೊಬ್ಬರು ಸೇರಿ ಒಂದು ಸಮಿತಿ ಕಟ್ಟಿಕೊಂಡಿದ್ದರು. ಗಟಾರದ ನೀರು ಇದ್ದ ಹಾಗೇ ಹೊಳೆ ಸೇರಬಾರದು, ಶುದ್ಧ ಮಾಡಿ ಬಿಡುವುದಕ್ಕೆ ನಾಲ್ಕೂರೂ ಕೂಡಿ ಒಂದು ಯೋಜನೆ ಬರೆದು ಸರ್ಕಾರಕ್ಕೆ ಕಳಿಸಬೇಕು ಎಂಬುದು ಉದ್ದೇಶ. ಸಭೆಯ ನಡಾವಳಿ ಬರೆಯುವ ಕೆಲಸ ನನ್ನದು. ಏನೂ ನಡೆಯದ ಸಭೆಗೂ ಎರಡು ಪುಟ ಬರೆಯಬಲ್ಲವನು ಎಂಬ ಖ್ಯಾತಿ ನನಗಿತ್ತು. ಈಗ ಹೇಳಿದರೆ ತಪ್ಪಿಲ್ಲ, ನಾನು ಅದನ್ನು ಸಭೆಯ ಹಿಂದಿನ ದಿನವೇ ಮನೆಯಲ್ಲಿ ಕುಳಿತು ಬರೆದಿಡುತ್ತಿದ್ದೆ. "ಎಲ್ಲರೂ ಬೆಲ್ಲ-ನೀರು ಸ್ವೀಕರಿಸಿ ಸಂತೋಷ ವ್ಯಕ್ತಪಡಿಸಿದರು. ಶುದ್ಧೀಕರಣ ಘಟಕದ ಜಾಗದ ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು." ಮೂರು ಸಭೆಗಳಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ.

ಆಗುವುದಾದರೂ ಹೇಗೆ? ಯೋಜನೆ ಎಲ್ಲರಿಗೂ ಬೇಕು, ಘಟಕ ಮಾತ್ರ ಪಕ್ಕದ ಊರಲ್ಲಿರಬೇಕು. ಮುಧೋಳದಿಂದ ಬರುತ್ತಿದ್ದ ಬಸಪ್ಪ ನಾಯಿ ಸಾಕುವವನು. ಬೇಟೆನಾಯಿಯಂತೆಯೇ ಮೂಗೆತ್ತಿ ಮಾತಾಡುತ್ತಿದ್ದ. "ನಮ್ಮ ನೀರು ಘಟಪ್ರಭಾಕ್ಕ ಹೋಗ್ತೈತ್ರಿ. ನಿಮ್ಮ ಕೃಷ್ಣಾದ ಜಗಳದಾಗ ನಮ್ಮನ್ಯಾಕ ಎಳೀತೀರಿ?" ಬನಹಟ್ಟಿಯ ಮಲ್ಲಪ್ಪ ನೂಲಿಗೆ ಬಣ್ಣ ಹಾಕುವವನು. "ನಮ್ಮದು ಕಣ್ಣಿಗೆ ಕಾಣ್ತೈತಿ ಅಂತ ಹಿಡೀತೀರಿ. ನಿಮ್ಮೂರಿಂದು ಮೂಗಿಗೆ ಬಡೀತೈತಲ್ರಿ!" ಅನ್ನುತ್ತಿದ್ದ. ಜಮಖಂಡಿಯ ಪದ್ಮಣ್ಣ ಗುರುಗಳು ನಿವೃತ್ತ ಮಾಸ್ತರರು. ಇಬ್ಬರನ್ನೂ ಸುಮ್ಮನಿರಿಸಿ, "ಜಾಗ ಅಂದ್ರ ಬೀಳಗಿ ಕಡೆ ಭಾಳ ಐತಲ್ರೀ" ಎಂದು ಮೃದುವಾಗಿ ಮುಗಿಸುತ್ತಿದ್ದರು.

ಬೀಳಗಿ ಕಡೆಯವಳೇ ಕಾಶವ್ವ. ಅಣೆಕಟ್ಟಿನ ಹಿನ್ನೀರಿನ ದಂಡೆಯ ಸಣ್ಣ ಕೇರಿಯಲ್ಲಿ ಮನೆ, ತೆಪ್ಪದಲ್ಲಿ ಹೋಗಿ ಮೀನು ಹಿಡಿಯುವುದು ಕಸುಬು. "ಕೃಷ್ಣಾದ್ದೂ ನಮಗ ಬರ್ತೈತಿ, ಘಟಪ್ರಭಾದ್ದೂ ನಮಗ ಬರ್ತೈತಿ. ನನ್ನ ಮೊಮ್ಮಗಳಿಗೆ ಎರಡು ಸಲ ಕಾಮಾಲಿ ಆತು. ಯಾರ ಊರಿನ ನೀರಿಗೆ ಆತು ಅಂತ ಕೇಳ್ಲಿ?" ಅವಳು ಕೇಳುತ್ತಿದ್ದುದು ಒಂದೇ ಸಾಲು: ಪ್ರತಿ ಊರೂ ತನ್ನ ನೀರನ್ನು ತನ್ನ ಗಡಿಯಲ್ಲೇ ತೊಳೆದು ಹೊಳೆಗೆ ಬಿಡಬೇಕು. ಅದಕ್ಕೆ ಎಲ್ಲರ ಸಹಿ ಬೇಕಿತ್ತು. ನಾಲ್ಕನೆಯ ಸಭೆ ಅವಳ ಮನೆಯಲ್ಲಿ ಸೇರಿದಾಗ, ಯೋಜನೆಯ ಕಾಗದ ಕಳಿಸಲು ಉಳಿದದ್ದು ಮರುದಿನ ಒಂದೇ.

ನಮ್ಮದು ಕಬ್ಬಿನ ನಾಡು. ಮನೆಗೆ ಬಂದವರ ಕೈಗೆ ಮೊದಲು ಬೆಲ್ಲದ ತುಣುಕು, ಆಮೇಲೆ ನೀರು. ಮುಟ್ಟದೆ ಎದ್ದರೆ ಆ ಮನೆಯ ಜೊತೆ ಮಾತು ಬಿಟ್ಟ ಹಾಗೆ. ಹಿಂದಿನ ಮೂರು ಕಡೆ ಬೆಲ್ಲದ ಜೊತೆ ಸೀಲು ಒಡೆಯದ ಬಾಟಲಿ ಬಂದಿತ್ತು. ಕಾಶವ್ವನ ಮನೆಯಲ್ಲಿ ಸ್ಟೀಲಿನ ಲೋಟಗಳು ಬಂದವು.

"ಹಿನ್ನೀರಿಂದರಿ, ಮುಂಜಾನೆ ತುಂಬೇನಿ" ಅಂದಳು.

ಬೇಸಿಗೆಯ ಮಧ್ಯಾಹ್ನ, ಬಾಯಲ್ಲಿ ಬೆಲ್ಲ, ಗಂಟಲು ಒಣಗಿದೆ, ಕೈಯಲ್ಲಿ ತುಂಬಿದ ಲೋಟವಿದೆ. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಅನ್ನುತ್ತಾರಲ್ಲ, ಅದನ್ನು ಅವತ್ತು ತಣ್ಣೀರಿನಲ್ಲಿ ಕಂಡೆ. ಬಸಪ್ಪನಿಗೆ ಇದ್ದಕ್ಕಿದ್ದಂತೆ ನೆಗಡಿಯಾಯಿತು. ಮಲ್ಲಪ್ಪ, "ಇವತ್ತ ನಂದು ಉಪವಾಸರಿ" ಅಂದ. ಬೆಲ್ಲ ಇನ್ನೂ ಅವನ ದವಡೆಯಲ್ಲೇ ಇತ್ತು. ಗುರುಗಳು ಜೈನರು. "ನಾವು ಸೋಸಿದ ನೀರು ಕುಡಿಯೋ ಮಂದಿ, ತಂಗಿ" ಎಂದು ಧರ್ಮದ ಆಸರೆ ಹಿಡಿದರು.

"ಸೋಸೇನ್ರಿ ಗುರುಗಳ, ಮೂರು ಸಲ ಸೋಸೇನಿ. ಅರಿವಿ ತೋರಸ್ಲೇನು?" ಎಂದು ಹಗ್ಗದ ಮೇಲಿದ್ದ ಬಟ್ಟೆ ತಂದು ಹರಡಿದಳು. ಅದರ ಮೇಲಿದ್ದ ಹಸಿರು ಲೋಳೆಯನ್ನು ನೋಡಿ ಗುರುಗಳು ಕನ್ನಡಕ ತೆಗೆದು ಒರೆಸತೊಡಗಿದರು.

ಬರೆಯುವವನು ನಾನು, ನನಗೇನು ಎಂದು ಮೂಲೆಯಲ್ಲಿ ಕುಳಿತು ಮಜಾ ನೋಡುತ್ತಿದ್ದೆ. ನನಗೂ ಒಂದು ಲೋಟ ಬಂತು. ಗಾಬರಿಯಲ್ಲಿ ಅದನ್ನು ಪಕ್ಕಕ್ಕಿಟ್ಟು, ಮಾತು ತಿರುಗಿಸಲೆಂದು ನಡಾವಳಿ ಪುಸ್ತಕ ತೆರೆದು ಗಟ್ಟಿಯಾಗಿ ಓದಿದೆ. "ಎಲ್ಲರೂ ಬೆಲ್ಲ-ನೀರು ಸ್ವೀಕರಿಸಿ ಸಂತೋಷ ವ್ಯಕ್ತಪಡಿಸಿದರು..."

"ಯಾರು ಕುಡದ್ರು?" ಕಾಶವ್ವ ಕೇಳಿದಳು. "ಸಭಾ ಈಗ ಕೂಡೇತಿ, ನೀವು ಯಾವಾಗ ಬರದ್ರಿ?"

ನಾನು ಪುಸ್ತಕ ಮುಚ್ಚಲು ಹೋದೆ.

"ಬರದ್ದನ್ನ ಖರೆ ಮಾಡ್ರಿ. ಇಲ್ಲಾ, ಖರೆ ಇದ್ದದ್ದು ಬರೀರಿ" ಎಂದವಳು ತನ್ನ ಲೋಟವನ್ನೆತ್ತಿ ಗಟಗಟ ಕುಡಿದು ಕೆಳಗಿಟ್ಟಳು. "ನಮ್ಮ ಮನ್ಯಾಗ ಬ್ಯಾರೆ ನೀರು ಇಲ್ರಿ."

ಗುರುಗಳು ಕನ್ನಡಕ ಮತ್ತೆ ಏರಿಸಿ ನನ್ನತ್ತ ತಿರುಗಿ, "ಹೊಡದ್ಹಾಕಪಾ ಅದನ್ನ. ಬರಿ, ನಾವು ನೀರು ಕುಡೀಲಿಲ್ಲ. ಅದರಾಗ ನಾವು ಬಿಟ್ಟದ್ದು ಐತಿ ಅಂತ ನಮಗ ಗೊತ್ತಿತ್ತು" ಅಂದರು. ಬಸಪ್ಪನ ನೆಗಡಿ ಹೋಯಿತು. "ಆಕಿ ಹೇಳೋ ಸಾಲೂ ಬರೀರಿ" ಅಂದ. ಮೊದಲು ಸಹಿ ಹಾಕಿದವನು ಮಲ್ಲಪ್ಪ.

ಕಾಗದ ಮರುದಿನ ಹೋಯಿತು. ಒಂದೆರಡು ಕಡೆ ಕೆಲಸ ನಡೆದಿದೆ, ಉಳಿದ ಕಡೆ ಬರೀ ಅಡಿಗಲ್ಲು ನೆಟ್ಟಿದ್ದಾರೆ. ಎಲ್ಲಿ ಏನು ಎಂದು ಹೆಸರು ಹೇಳಿದರೆ ನಾನು ಆ ಊರಿನಲ್ಲಿ ಬಸ್ಸಿಳಿಯುವುದು ಕಷ್ಟ.

ಮೊನ್ನೆ ಮನೆಗೆ ಬಂದವನೇ ಕಾಶವ್ವನಿಗೆ ಫೋನ್ ಮಾಡಿದೆ. ಗುಲಾಬಿ ಹಳ್ಳದ ಕಥೆ ಹೇಳಿದೆ. ಅವಳೂ ನಕ್ಕಳು. "ಬರ್ರಿ ಒಮ್ಮೆ ಮನೀಗೆ. ಅಂಜಬ್ಯಾಡ್ರಿ, ಈಗ ಕ್ಯಾನಿನ ನೀರು ತರಸ್ತೇವಿ" ಅಂದಳು.

"ಛಲೋ ಆತಲ್ಲ ಕಾಶವ್ವ" ಅಂದೆ.

"ಬಂದವರಿಗೆ ಅಷ್ಟರಿ. ನಮಗ ಅದೇ ನೀರು."

ಫೋನ್ ಇಟ್ಟ ಮೇಲೆ ಬಹಳ ನಾಚಿಕೆಯಾಯಿತು. ಯಾರೂ ಕೇಳದೆ ನನ್ನ ಕಪಾಟಿನಲ್ಲೇ ಉಳಿದಿದ್ದ ನಡಾವಳಿ ಪುಸ್ತಕ ತೆಗೆದು ಆ ಪುಟ ನೋಡಿದೆ. ಕುಡಿಯದವರು ಮೂವರು ಎಂದು ಹೆಸರು ಹಿಡಿದು ಬರೆದಿದ್ದೇನೆ, ನನ್ನ ಅಕ್ಷರ ದುಂಡಗೆ ಚೆಂದವಾಗಿದೆ. ಪೆನ್ನು ಹುಡುಕಿ ಕೆಳಗೆ ಒಂದು ಸಾಲು ಸೇರಿಸಿದೆ: ಬರೆದವನೂ ಕುಡಿಯಲಿಲ್ಲ.