ಗಂಗತ್ತೆಯ ಕಣ್ಣು

ಕಣ್ಣಿನ ತಪಾಸಣೆಗೆ ಹೋದಾಗ ಮೂಗಿನ ಮೇಲೆ ಏರಿಸುತ್ತಾರಲ್ಲ, ಆ ಭಾರದ ಚೌಕಟ್ಟಿಗೆ ಗಾಜು ಇಳಿಸುವಾಗ ‘ಟಿಕ್’ ಎಂಬ ಸಣ್ಣ ಸದ್ದಾಗುತ್ತದೆ. ಈಚೆಗೆ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಕುಳಿತಿದ್ದಾಗ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಎದುರಿನ ಅಕ್ಷರಗಳೆಲ್ಲ ಕದಡಿಹೋಗಿ ಅದೇ ಊರಿನ ಶಹಾಪುರದ ನಮ್ಮ ಹಳೆಯ ಪಡಸಾಲೆ ಕಣ್ಣ ಮುಂದೆ ಬಂದು ನಿಂತಿತು. ಗಾಜು ಬದಲಿಸುತ್ತಿದ್ದ ಹುಡುಗಿ, “ಈಗ ಚಲೋ ಕಾಣ್ತೈತೇನ್ರಿ, ಮೊದಲ ಚಲೋ ಇತ್ತೇನ್ರಿ?” ಎಂದು ಕೇಳಿದಳು. “ಮೊದಲ ಚಲೋ ಇತ್ತವಾ,” ಎಂದೆ. ಅವಳು ಗಾಜು ತೆಗೆದು ಹಿಂದಿನದನ್ನೇ ಹಾಕಿದಳು. ನಿಮಗೂ ಹೀಗೆ ಆಗಿರಬಹುದು. ಕೇಳಿದ್ದು ಒಂದು, ಬಾಯಿಂದ ಬಂದ ಉತ್ತರ ಇನ್ನಾವುದಕ್ಕೋ.

ಆ ಪಡಸಾಲೆಯಲ್ಲಿ ಎರಡು ಮಗ್ಗಗಳಿದ್ದವು. ಬೆಳಗಾಗುತ್ತಲೇ ಅಪ್ಪ ಒಂದರ ಮೇಲೆ ಕುಳಿತರೆ, ಲಾಳಿ ಓಡುವ ಸದ್ದಿಗೆ ನೆಲ ಸಣ್ಣಗೆ ನಡುಗುತ್ತಿತ್ತು. ಅಡುಗೆಮನೆಯ ಗೂಡಿನಲ್ಲಿಟ್ಟ ತಟ್ಟೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ನೂಲಿಗೆ ಹಾಕುವ ಗಂಜಿಯ ಹುಳಿವಾಸನೆ, ಬಣ್ಣದ ವಾಸನೆ, ಅಮ್ಮ ತಟ್ಟುತ್ತಿದ್ದ ರೊಟ್ಟಿಯ ವಾಸನೆ ಎಲ್ಲ ಕೂಡಿ ಮನೆಗೆ ಅದರದೇ ಒಂದು ಉಸಿರಿತ್ತು. ಬೆಳಕಿಂಡಿಯ ಕೆಳಗೆ ನಮ್ಮ ಗಂಗತ್ತೆ ಕೂರುತ್ತಿದ್ದಳು. ಅವಳು ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡು, ನಾನು ಹುಟ್ಟುವ ಮೊದಲೇ ತವರಿಗೆ ಬಂದವಳು. ಸ್ನಾನವಾದ ಮೇಲೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಕೆಲಸ ಶುರು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಹಾಸು ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಹೊಸೆದು ಕೂಡಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು, ಕೂದಲಿಗಿಂತ ಸಣ್ಣನೆಯ ಎಳೆಗಳನ್ನು ಅವಳು ಹೊಸೆಯುತ್ತ ಹೋಗುತ್ತಿದ್ದರೆ ಕೂಡಿದ ಜಾಗ ಯಾವುದೆಂದು ನಮಗೆ ತಿಳಿಯುತ್ತಿರಲಿಲ್ಲ.

ಅಂಥವಳು ಬರಬರುತ್ತ ಎಡವತೊಡಗಿದಳು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವಳು, ಬಾಜೂಕಿಟ್ಟ ಚರಿಗೆಯನ್ನು ಒದ್ದು ನೀರು ಚೆಲ್ಲುವಳು, ಸಂತೆಯಲ್ಲಿ ಗುರುತಿನವರು ಪಕ್ಕದಲ್ಲೇ ಹೋದರೂ ಮಾತಾಡಿಸದೆ ಬರುವಳು. “ಅಕ್ಕಾರ, ಲಕ್ಷ್ಯ ಎಲ್ಲಿಟ್ಟೀರಿ?” ಎಂದು ಅಮ್ಮ ನೆಲ ಒರೆಸುತ್ತ ಗೊಣಗುವಳು. ಗಂಗತ್ತೆ ನಾಚಿಕೊಂಡು ನಗುವಳು. ಕಣ್ಣಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಹೇಗೆ ಬಂದೀತು? ಕಣ್ಣು ಕೆಂಪಾಗಿರಲಿಲ್ಲ, ನೋಯುತ್ತಿರಲಿಲ್ಲ. ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸುತ್ತಿದ್ದಳು, ಪೇಪರಿನ ಸಣ್ಣಕ್ಷರ ಓದಿ ಹೇಳುತ್ತಿದ್ದಳು.

ಕಣ್ಣು ಕೆಟ್ಟಿದೆಯೆಂದು ಮನೆಯವರು ಕಂಡುಕೊಂಡದ್ದು ನನ್ನದು. ಹಲಗೆಯ ಮೇಲೆ ಬರೆದದ್ದು ಕಾಣದೆ ನಾನು ಪಕ್ಕದವಳದನ್ನು ನೋಡಿ ಬರೆಯುತ್ತೇನೆಂದು ಶಾಲೆಯಲ್ಲಿ ಕಲಿಸುವ ಬಾಯಾರು ಹೇಳಿಕಳಿಸಿದರು. ಮಗ್ಗ ಬಿಟ್ಟು ಏಳಲಾಗದ ಅಪ್ಪ ನನ್ನನ್ನು ಗಂಗತ್ತೆಯ ಜೊತೆ ಕಣ್ಣಿನ ಆಸ್ಪತ್ರೆಗೆ ಕಳಿಸಿದ. ಡಾಕ್ಟರ್‌ಬಾಯಿ ನನ್ನನ್ನು ದೂರ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿದರು. ಮೇಲಿನ ದೊಡ್ಡ ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಇರುವೆಸಾಲು. ಗಾಜಿನ ಮೇಲೆ ಗಾಜು ಇಳಿಸುತ್ತ ಹೋದಂತೆ ಇರುವೆಗಳು ಸರಿದು ಅಕ್ಷರಗಳಾದವು. ನಾನು ಕೊನೆಯ ಸಾಲು ಓದಿದ್ದನ್ನು ಕೇಳಿ ಖುಷಿಯಿಂದ ಎದ್ದು ಬಂದ ಗಂಗತ್ತೆ ಪಕ್ಕದ ಸ್ಟೂಲನ್ನು ಕೆಡವಿದಳು. ಎಲ್ಲರಿಗೂ ಕಾಣುವಂಥ ಬಿಳಿಯ ಸ್ಟೂಲು. ಡಾಕ್ಟರ್‌ಬಾಯಿ ಸ್ಟೂಲನ್ನು ನೋಡಲಿಲ್ಲ, ಅತ್ತೆಯ ಮುಖ ನೋಡಿದರು. “ಅಕ್ಕಾರ, ಸ್ವಲ್ಪ ನೀವೂ ಕುಂದರ್ರಿ,” ಎಂದರು.

ಗಂಗತ್ತೆ ಎಲ್ಲಕ್ಕಿಂತ ಕೆಳಗಿನ ಸಾಲನ್ನು ತಡವರಿಸದೆ ಓದಿ ನನ್ನ ಕಡೆ ನೋಡಿ ನಕ್ಕಳು. ಡಾಕ್ಟರ್‌ಬಾಯಿ ನಗಲಿಲ್ಲ. “ನನ್ನ ಮೂಗಷ್ಟ ನೋಡ್ರಿ,” ಎಂದು ಹೇಳಿ, ತಮ್ಮ ಬೆರಳನ್ನು ಅವಳ ಕಿವಿಯ ಕಡೆಯಿಂದ ಮೆಲ್ಲಗೆ ಮುಂದೆ ತರುತ್ತ, “ಕಂಡ ಕೂಡಲೇ ಹೇಳ್ರಿ,” ಎಂದರು. ಬೆರಳು ಬಂತು, ಬಂತು, ಕೆನ್ನೆ ದಾಟಿತು. ಗಂಗತ್ತೆ ಇನ್ನೂ ಅವರ ಮೂಗನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣಿಗೆ ಹನಿ ಬಿಟ್ಟು, ನೀಲಿ ಬೆಳಕಿನ ಯಂತ್ರ ತಾಗಿಸಿ ಕಣ್ಣೊಳಗಿನ ಒತ್ತಡ ನೋಡಿದರು. ಮತ್ತೊಂದು ಹನಿ ಬಿಟ್ಟು ಪಾಪೆ ಅಗಲವಾಗುವ ತನಕ ಕೂರಿಸಿ, ಹಿಂದಿನ ನರವನ್ನು ನೋಡಿದರು. ಇನ್ನೊಂದು ದಿನ ಕರೆಸಿ, ಕತ್ತಲೆ ಕೋಣೆಯಲ್ಲಿ ಬಿಳಿಯ ಬೋಗುಣಿಯಂಥ ಯಂತ್ರಕ್ಕೆ ಗದ್ದ ಊರಿಸಿ, ಕೈಗೆ ಗುಂಡಿ ಕೊಟ್ಟರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಬೆಳಕಿನ ಚುಕ್ಕೆಗಳು ಅಂಚಿನಲ್ಲಿ, ಮೇಲೆ, ಕೆಳಗೆ ಮೂಡಿ ಅಳಿಯುತ್ತಿದ್ದವು. ಅತ್ತೆಯ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ಇತ್ತು. ಮುಗಿದ ಮೇಲೆ ಅವಳು, “ಇನ್ನೂ ಚಾಲೂನ ಮಾಡಿಲ್ಲೇನ್ರಿ?” ಎಂದು ಕೇಳಿದಳು.

“ಮೋತಿಬಿಂದು, ಅಂದ್ರ ಕಣ್ಣಿನ ಪೊರಿ ಆಗಿದ್ರ ಆಪರೇಷನ್ ಮಾಡಿ ತೆಗೀತಿದ್ವಿ,” ಎಂದರು ಡಾಕ್ಟರ್‌ಬಾಯಿ. “ಇದು ಕಾಚಬಿಂದು, ಗ್ಲಾಕೋಮಾ ಅಂತಾರ. ಅಂಚಿನಿಂದ ತಿನಕೋತ ಬರ್ತೈತಿ, ನಡುವಿಂದು ಕಡೀಕ. ಹೋದದ್ದು ತಿರುಗಿ ಬರೂದಿಲ್ರಿ. ಉಳಿದದ್ದು ಉಳಸಾಕ ದಿನಾ ಹನಿ ಹಾಕೋಬೇಕು.” ಆಮೇಲೆ ಮನೆಯಲ್ಲಿ ಒಡಹುಟ್ಟಿದವರು ಯಾರಿದ್ದಾರೆಂದು ಕೇಳಿ, ಅವರನ್ನೂ ಕರೆತರಲು ಹೇಳಿದರು. ಇದು ರಕ್ತದಲ್ಲಿ ಬರುತ್ತದೆಯಂತೆ. ಇಂಥ ಮನೆಯವರು ನಲವತ್ತಾಗುವ ತನಕವೂ ಕಾಯಬಾರದಂತೆ. “ಕಾಣದಂಗ ಆದಮ್ಯಾಲೆ ಬರೂದಲ್ರಿ, ಕಾಣೂವಾಗನ ಬರಬೇಕು,” ಎಂದರು. ಮರುದಿನದಿಂದ ಅಮ್ಮ ನೆಲದ ಮೇಲೆ ಚರಿಗೆ ಇಡುವುದನ್ನು ಬಿಟ್ಟಳು.

ಅಪ್ಪ ಮಾತ್ರ ಆಸ್ಪತ್ರೆಯ ಮಾತೆತ್ತಿದರೆ ಸಿಟ್ಟಾಗುತ್ತಿದ್ದ. “ದಿನಾ ಎಳಿ ನೋಡಾಂವ ನಾ. ನನ್ನ ಕಣ್ಣಿಗೇನಾಗೇತಿ?” ಎನ್ನುವನು. ಒಂದು ಮಧ್ಯಾಹ್ನ ಗಂಗತ್ತೆ ಗೋಡೆ ಹಿಡಿದುಕೊಂಡು ಬಂದು ಮಗ್ಗದ ಎದುರಿಗೆ ಕುಳಿತಳು. “ತಮ್ಮಾ, ಲಾಳಿ ನಿಂದರಸು. ನನ್ನ ಮೂಗು ನೋಡು,” ಎಂದಳು. ನನ್ನನ್ನು ಅಪ್ಪನ ಎಡಕ್ಕೆ ನಿಲ್ಲಿಸಿ, “ಸುಮೀ, ನಾ ಹೇಳಿದಾಗ ಬೆರಳು ಎತ್ತು,” ಎಂದಳು. ಅಪ್ಪ ನಗುತ್ತಲೇ ಕುಳಿತ. ಅವಳು ನನಗೆ ಏನೂ ಹೇಳದೆಯೇ ಅವನನ್ನು ಕೇಳಿದಳು: “ಎಷ್ಟು ಬೆರಳು ಎತ್ತ್ಯಾಳ, ಹೇಳು?”

“ಎರಡು,” ಎಂದ ಅಪ್ಪ.

ನನ್ನ ಎರಡೂ ಕೈ ಲಂಗದ ಮೇಲೆ ಇಳಿಬಿದ್ದಿದ್ದವು. ಗಂಗತ್ತೆಗೂ ನನ್ನ ಕೈ ಕಾಣುತ್ತಿರಲಿಲ್ಲ, ಆದರೆ ಎತ್ತು ಎಂದು ತಾನು ಹೇಳಿಯೇ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅಪ್ಪ ಮೆಲ್ಲಗೆ ನನ್ನ ಕಡೆ ಮುಖ ತಿರುಗಿಸಿ ನೋಡಿದ. ಅವನ ನಗು ಆರಿಹೋಯಿತು. ಗಂಗತ್ತೆ ಅವನ ಮೊಣಕಾಲ ಮೇಲೆ ಕೈಯಿಟ್ಟು, “ನಾನೂ ಹಿಂಗ ಅಂತಿದ್ದೆ ತಮ್ಮಾ, ಕಾಣ್ತೈತಿ ಅಂತ,” ಎಂದು ಅತ್ತಳು. ಮರುದಿನ ಅಪ್ಪ ಮಗ್ಗಕ್ಕೆ ಬಟ್ಟೆ ಮುಚ್ಚಿ ಅವಳ ಜೊತೆ ಆಸ್ಪತ್ರೆಗೆ ಹೋದ. ಅವನದು ಇನ್ನೂ ಅಂಚಿನಲ್ಲೇ ಇತ್ತು. ಹನಿ ಹಾಕಿಕೊಳ್ಳುತ್ತ, ತಪಾಸಣೆ ತಪ್ಪಿಸದೆ, ಅವನು ಕೊನೆಯವರೆಗೂ ತನ್ನ ದಾರಿ ತಾನೇ ನೋಡಿಕೊಂಡು ನಡೆದ.

ಗಂಗತ್ತೆಯದು ತಡವಾಗಿತ್ತು. ಹನಿ ತಪ್ಪಿಸದಿದ್ದರೂ ಅವಳ ಲೋಕ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬಂತು. ಎಳೆ ಕೂಡಿಸುವುದನ್ನು ಬಿಟ್ಟಳು. ಬೂದಿಯ ಬಟ್ಟಲು ಗೂಡಿನಲ್ಲಿ ಹಾಗೇ ಉಳಿಯಿತು. ಅಂಗೈಯ ಲಿಂಗ ಮಾತ್ರ ನಡುವೆ ಉಳಿದ ನೋಟದ ಸಣ್ಣ ಕಿಂಡಿಯಲ್ಲಿ ಪೂರ್ತಿ ಹಿಡಿಯುತ್ತಿತ್ತು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಕೈಮಗ್ಗದ ಸೀರೆ ಕೇಳುವವರಿಲ್ಲದೆ ಮಗ್ಗಗಳು ಹೋದವು, ಮನೆ ಪಾಲಾಗಿ ಮಾರಾಟವಾಯಿತು. ನಾವು ಬಾಡಿಗೆ ಹಿಡಿದ ಮನೆ ಮಹಡಿಯ ಮೇಲೆ. ಆ ಮೆಟ್ಟಿಲು ಗಂಗತ್ತೆಗೆ ಆಗುವಂತಿರಲಿಲ್ಲ. ಖಾನಾಪುರದಲ್ಲಿದ್ದ ಅವಳ ತಂಗಿ ಬಂದು ಕರೆದುಕೊಂಡು ಹೋದಳು. ಅಪ್ಪ ಬಸ್‌ಸ್ಟ್ಯಾಂಡಿನ ತನಕ ಅವಳ ಕೈ ಬಿಡಲಿಲ್ಲ.

ಮದುವೆಯಾದ ಮೇಲೆ ಅವಳನ್ನು ನೋಡಲು ಒಮ್ಮೆ ಖಾನಾಪುರಕ್ಕೆ ಹೋದೆ. ಹೊರಡುವಾಗ ಬೇಡವೆಂದರೂ ಕೇಳದೆ, ತಂಗಿಯ ತೋಳು ಹಿಡಿದು ಸ್ಟೇಶನ್ನಿಗೆ ಬಂದಳು. ನಾನು ಕಾಲು ಮುಟ್ಟಿ ಎದ್ದು ಅವಳ ಮುಖದ ಹತ್ತಿರ ನಿಂತೆ. “ಹಿಂದ ಸರಿ ಸುಮೀ,” ಎಂದಳು. “ಸಮೀಪ ನಿಂತ್ರ ನಿನ್ನ ಮೂಗಷ್ಟ ಕಾಣ್ತೈತಿ.” ನಾನು ಸರಿದೆ. “ಇನ್ನಷ್ಟು.” ನೀರಿನ ನಳದ ತನಕ ಹಿಂದೆ ಹೋದೆ. ಅವಳು ತಲೆಯನ್ನು ಅತ್ತಿತ್ತ ಆಡಿಸಿ, ಹುಡುಕಿ, ಕೊನೆಗೆ ನನ್ನ ಮೇಲೆ ಕಣ್ಣು ನಿಲ್ಲಿಸಿದಳು. “ಹಾಂ, ಈಗ ಪೂರಾ ಬಂದಿ ನೋಡು. ಸೀರಿ ಚಂದ ಒಪ್ಪೈತಿ.”

ಗಾಡಿ ಹೊರಟಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಮಳೆಗಾಲದಲ್ಲೇ ಅವಳು ತೀರಿಕೊಂಡಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಪ್ಲಾಟ್‌ಫಾರ್ಮಿನಲ್ಲಿ ಅವಳ ತಂಗಿ, ಮನೆಗೆ ಹೋಗೋಣವೆಂದು ತೋಳು ಎಳೆಯುತ್ತಿದ್ದರೂ ಗಂಗತ್ತೆ ಅಲ್ಲಾಡದೆ ನಿಂತಿದ್ದಳು. ನಾನು ದೂರವಾಗುತ್ತಿದ್ದೆ, ಅವಳ ಕಿಂಡಿಯೊಳಗೆ ಚಿಕ್ಕವಳಾಗುತ್ತಿದ್ದೆ. ಅವಳು ನಗುತ್ತಿದ್ದಳು.