ಅರುಂಧತಿಯ ಹೆಸರು ಯಾರೂ ಕೂಗಲಿಲ್ಲ

ಕತಾರಿನ ದೋಹಾದಲ್ಲಿ, ಬಿನ್ ಮಹಮೂದ್ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಮರೀನಾ ಫಿಸಿಯೋಥೆರಪಿ ಸಹಾಯಕಿ. ಊರು ಮಂಗಳೂರು, ವಯಸ್ಸು ನಲವತ್ತೊಂದು. ಬಾಸ್ಕೆಟ್‌ಬಾಲ್ ಹುಚ್ಚು ಶಾಲೆಯ ದಿನಗಳಿಂದಲೇ ಅಂಟಿಕೊಂಡದ್ದು. ಊರಿನ ಹೆಂಗಸರು ಇಲ್ಲಿ ಕಟ್ಟಿಕೊಂಡ ತಂಡದಲ್ಲಿ ಹನ್ನೊಂದು ವರ್ಷಗಳಿಂದ ಸೆಂಟರ್ ಜಾಗ ಅವಳದೇ. ಬುಟ್ಟಿಯ ಕೆಳಗೆ ನಿಂತು ಚೆಂಡು ಹಿಡಿಯುವ ಆ ಜಾಗಕ್ಕೆ ಎತ್ತರದವರೇ ಬೇಕು.

ಕಳೆದ ವರ್ಷ ತಂಡ ಒಂದೂ ಪಂದ್ಯ ಗೆಲ್ಲಲಿಲ್ಲ. ಲೀಗಿನ ನಿಯಮದಂತೆ, ಕೊನೆಯ ಸ್ಥಾನಕ್ಕೆ ಬಂದವರಿಗೆ ಈ ಸಲ ಹೊಸ ಆಟಗಾರ್ತಿಯರಲ್ಲಿ ಒಬ್ಬಳನ್ನು ಎಲ್ಲರಿಗಿಂತ ಮೊದಲು ಆರಿಸಿಕೊಳ್ಳುವ ಹಕ್ಕು. ಶುಕ್ರವಾರ ಮಧ್ಯಾಹ್ನ ಕ್ಯಾಪ್ಟನ್ ನಿಶ್ಮಿತಾಳ ಫ್ಲ್ಯಾಟಿನಲ್ಲಿ ಎಲ್ಲರೂ ಸೇರಿದರು.

"ಯೋಚನೆ ಮಾಡ್ಲಿಕ್ಕೆ ಎಂತ ಉಂಟು? ಅರುಂಧತಿ. ಆರಡಿ ಇದ್ದಾಳೆ, ಯೂನಿವರ್ಸಿಟಿಗೆ ಆಡಿದವಳು," ಎಂದಳು ನಿಶ್ಮಿತಾ.

"ಮೊದಲ ಸರದಿ ಬಿಟ್ಟುಕೊಟ್ರೆ ಮೆಸಯೀದ್ ಟೀಮಿನವರು ಅವರ ಇಬ್ಬರನ್ನು ನಮಗೆ ಕೊಡ್ತಾರಂತೆ," ಎಂದಳು ಜೊತೆಗಾರ್ತಿ ಫಸೀಲಾ. "ಇಲ್ಲದಿದ್ರೆ ರೈಹಾನಾ ಇದ್ದಾಳೆ. ಅವಳ ಓಟ ನೋಡಿದ್ದೀರಲ್ಲ?"

ಮಾತು ಎಲ್ಲೆಲ್ಲೋ ಸುತ್ತಿ ಅರುಂಧತಿಯ ಬಳಿಗೇ ಬರುತ್ತಿತ್ತು. ಅವಳು ಬಂದರೆ ತನಗೆ ಬೆಂಚೇ ಗತಿ ಎಂದು ಮರೀನಾಳಿಗೆ ಖಚಿತವಾಯಿತು.

"ಅವಳ ಮೊಣಕಾಲು ಸರಿ ಇಲ್ಲ ಮಾರಾಯ್ತಿ," ಅಂದುಬಿಟ್ಟಳು. "ನಮ್ಮ ಕ್ಲಿನಿಕ್ಕಿಗೇ ಬರ್ತಿದ್ಳು."

ಬರುತ್ತಿದ್ದದ್ದು ನಿಜ. ಕಾಲು ಪೂರ್ತಿ ವಾಸಿಯಾಗಿ ಎರಡು ತಿಂಗಳಾಗಿದ್ದೂ ನಿಜ. ಅದನ್ನು ಮಾತ್ರ ಅವಳು ಹೇಳಲಿಲ್ಲ.

ತಂಡ ರೈಹಾನಾಳನ್ನು ಆರಿಸುವುದೆಂದು ತೀರ್ಮಾನಿಸಿತು. ಅಷ್ಟರಲ್ಲಿ ಮೊಣಕಾಲಿನ ಸುದ್ದಿ ಉಳಿದ ತಂಡಗಳಿಗೂ ಮುಟ್ಟಿತ್ತು. ತಂಡಗಳು ಸರದಿಯಂತೆ ಹೊಸಬರ ಹೆಸರು ಕೂಗುವ ದಿನ ಅರುಂಧತಿ ಹೊಸ ಶೂ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ಕೊನೆಯ ಸುತ್ತು ಮುಗಿದರೂ ಅವಳನ್ನು ಯಾರೂ ಕರೆಯಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಮರೀನಾ ತಲೆ ಎತ್ತದೆ ಫೋನ್ ಒತ್ತುತ್ತಾ ಕೂತಳು.

ಸೋಮವಾರ ಅರುಂಧತಿ ಕ್ಲಿನಿಕ್ಕಿಗೆ ಬಂದಳು.

"ಮರೀನಕ್ಕ, ಕಾಲು ಸರಿ ಉಂಟಂತ ಡಾಕ್ಟ್ರದ್ದೊಂದು ಲೆಟರ್ ಬೇಕಿತ್ತು. ಯಾರೋ ಇಲ್ಲದ್ದು ಹೇಳಿದ್ದಾರೆ."

ಕಾಗದ ಕೊಟ್ಟು ಕಳಿಸಿದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಹುಡುಗಿ 'ಅಕ್ಕ' ಅಂದದ್ದನ್ನು ಮರೀನಾಳಿಗೆ ತಡೆಯಲಾಗಲಿಲ್ಲ.

"ಹೇಳಿದ್ದು ನಾನೇ."

"ನೀವಾ? ಯಾಕೆ?"

"ನೀನು ಬಂದ್ರೆ ನಾನು ಹೊರಗೆ ಕೂರ್ಬೇಕಿತ್ತು."

"ನನಗೆ ಪುನಃ ನಡಿಲಿಕ್ಕೆ ಹೇಳಿಕೊಟ್ಟದ್ದೇ ನೀವು. ನಿಮ್ಮ ಟೀಮಿಗೇ ಬರ್ಬೇಕಂತ ಇದ್ದೆ," ಎಂದು ಹೇಳಿ ಅರುಂಧತಿ ಡಾಕ್ಟರ ಕೋಣೆಯತ್ತ ನಡೆದಳು.

ಅಂದೇ ಮರೀನಾ ಡಾಕ್ಟರಿಗೂ ತಂಡಕ್ಕೂ ಎಲ್ಲವನ್ನೂ ಹೇಳಿದಳು. ಡಾಕ್ಟರು ಅವಳನ್ನು ಚಿಕಿತ್ಸೆಯ ಕೋಣೆಯಿಂದ ತೆಗೆದು ಟೋಕನ್ ಕೊಡುವ ಕೌಂಟರಿನಲ್ಲಿ ಕೂರಿಸಿದರು. ನಿಶ್ಮಿತಾ ಬೈಯಲಿಲ್ಲ, ಬರೀ ಮುಖ ತಿರುಗಿಸಿದಳು. ಮರೀನಾ ತಂಡದಲ್ಲಿನ ತನ್ನ ಜಾಗ ಬಿಟ್ಟಳು. ಅದಕ್ಕೆ ಅರುಂಧತಿಯನ್ನು ಕರೆದರೆ ಅವಳು ಒಪ್ಪಲಿಲ್ಲ. ಮೆಸಯೀದ್ ತಂಡದಲ್ಲಿ ಯಾರೋ ಊರಿಗೆ ಹೋಗಿ ಖಾಲಿಯಾದ ಜಾಗಕ್ಕೆ ಸೇರಿದಳು.

ಆ ಎರಡು ತಂಡಗಳ ಪಂದ್ಯಕ್ಕೆ ಮರೀನಾ ನೋಡಲಿಕ್ಕೆಂದು ಹೋದಳು. ಬುಟ್ಟಿಯ ಕೆಳಗೆ ಅರುಂಧತಿಯನ್ನು ತಡೆಯುವವರೇ ಇರಲಿಲ್ಲ. ಮೆಸಯೀದ್ ಗೆದ್ದಿತು. ಆಟ ಮುಗಿದ ಮೇಲೆ ಮರೀನಾ ಕೆಳಗಿಳಿದು ಕೈ ಚಾಚಿದಳು. ಅರುಂಧತಿ ಕೈ ಕುಲುಕಿದಳು, ಮುಖ ನೋಡಲಿಲ್ಲ.