ಇಂಟರ್‌ವಲ್‌ವರೆಗಿನ ಜೆಬಮಣಿ

ಗಾಂಧಿಪುರಂನ ನಮ್ಮ ಬೀದಿಯಲ್ಲಿ ಒಂದೂ ಸಿನಿಮಾ ನೋಡದೆ ಎಲ್ಲ ಸಿನಿಮಾಗಳನ್ನೂ ಬೈಯಬಲ್ಲವರು ಒಬ್ಬರೇ, ಪಕ್ಕದ ಮ್ಯಾಚಿಂಗ್ ಅಂಗಡಿಯ ಜೆಬಮಣಿಯಣ್ಣ. ನಾನು ಸಿರುಮುಗೈ ರೇಷ್ಮೆ ಸೀರೆ ಮಾರುತ್ತೇನೆ. ಆ ಸೀರೆಗೆ ಬೇಕಾದ ಫಾಲ್ಸು, ಲೈನಿಂಗು, ರವಿಕೆ ಬಟ್ಟೆ ಅವರಲ್ಲಿ ಸಿಗುತ್ತದೆ. ನನ್ನ ಅಂಗಡಿಯಲ್ಲಿ ಸೀರೆ ಮಡಚುವ ಹೊತ್ತಿಗೆ ಅವರು ಕತ್ತರಿ ಕೈಗೆತ್ತಿಕೊಂಡಿರುತ್ತಾರೆ.

ಅವರ ತಾತ ಸಿರುಮುಗೈಯಲ್ಲಿ ನಮ್ಮ ತಾತನ ಪಕ್ಕದ ಮಗ್ಗದಲ್ಲೇ ಕೂತು ನೇಯುತ್ತಿದ್ದವರು. ಸಾಯಬೇಕಿದ್ದ ಮಗುವನ್ನು ಯಾವುದೋ ಮಿಷನ್ ಆಸ್ಪತ್ರೆಯ ಡಾಕ್ಟರಮ್ಮ ಉಳಿಸಿಕೊಟ್ಟಳೆಂದು ಆ ತಾತ ಏಸುವಿನ ಕಡೆ ಹೋದರು. ದೇವರು ಬದಲಾದ, ತಮಿಳು ಸೀಮೆಯಲ್ಲೂ ಉಳಿದಿದ್ದ ಕನ್ನಡದ ಮನೆಮಾತು ಬದಲಾಗಲಿಲ್ಲ. ಇವತ್ತಿಗೂ ಜೆಬಮಣಿಯಣ್ಣನಿಗೆ ಪ್ರಾರ್ಥನೆ ತಮಿಳಿನಲ್ಲಿ, ಬೈಗುಳ ಕನ್ನಡದಲ್ಲಿ. ನನಗೆ ಅವರ ಪ್ರಾರ್ಥನೆ ಅಷ್ಟಾಗಿ ಗೊತ್ತಿಲ್ಲ.

ಅವರ ಮನೆಯಲ್ಲಿ ಟಿವಿ ಇಲ್ಲ, ಸಿನಿಮಾ ನೋಡುವುದು ಅವರ ಚರ್ಚಿನಲ್ಲಿ ಪಾಪ. ಭಾನುವಾರ ಅಂಗಡಿ ತೆಗೆಯುವುದಿಲ್ಲ. ದೀಪಾವಳಿಗೆ ಮುಂಚಿನ ಭಾನುವಾರ, ಬೀದಿಯಲ್ಲಿ ಕಾಲಿಡಲು ಜಾಗವಿಲ್ಲದಾಗಲೂ ತೆಗೆಯುವುದಿಲ್ಲ. ಆ ದಿನ ಅವರ ಮುಚ್ಚಿದ ಷಟರ್ ನೋಡಿದರೆ ವ್ಯಾಪಾರಿಯಾದ ನನಗೆ ಹೊಟ್ಟೆ ಉರಿಯುತ್ತದೆ. ಇಷ್ಟು ನಿಶ್ಚಿಂತೆಯಾಗಿ ಗಿರಾಕಿಯನ್ನು ವಾಪಸ್ ಕಳಿಸುವ ಧೈರ್ಯ ನನಗೆ ಯಾವ ದೇವರೂ ಕೊಟ್ಟಿಲ್ಲ.

ಅವರ ಜೀವ ಇರುವುದು ಗಣಪತಿ ಎಂಬ ಬಡಾವಣೆಯಲ್ಲಿರುವ ಅವರ ಚರ್ಚಿನ ಮೂರು ನಿಮಿಷದಲ್ಲಿ. ಭಾನುವಾರ ಪಾಸ್ಟರ್ ಅಯ್ಯನ ಉಪದೇಶಕ್ಕೆ ಮುಂಚೆ ಒಬ್ಬರು ಮೈಕಿನ ಮುಂದೆ ನಿಂತು ಆ ವಾರದ ಸುದ್ದಿ ಹೇಳಿ, ಅದರಿಂದ ವಿಶ್ವಾಸಿಗಳು ಕಲಿಯಬೇಕಾದದ್ದು ಏನು ಎಂದು ಹೇಳಬೇಕು. ಜೆಬಮಣಿಯಣ್ಣನ ತಲೆಗೂದಲು ಕಪ್ಪಾಗಿದ್ದಾಗಿನಿಂದ ಆ ಕೆಲಸ ಅವರದೇ. ಕ್ರಿಕೆಟ್ ಹರಾಜು, ಟೀ ತೋಟದಲ್ಲಿ ಮದುವೆಗೆ ಮುಂಚೆಯೇ ಅಪ್ಪಿಕೊಂಡು ಫೋಟೋ ತೆಗೆಸಿಕೊಳ್ಳುವ ಜೋಡಿಗಳು, ಊಟದ ಮೇಜಿನ ಮೇಲಿನ ಮೊಬೈಲು, ಯಾವುದನ್ನೂ ಬಿಟ್ಟವರಲ್ಲ. ಅಮೆರಿಕ ಸುಂಕ ಏರಿಸಿ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕೆಲಸ ಕಡಿಮೆಯಾದಾಗ ಅವರು ಹೇಳಿದ್ದು: "ಸಮುದ್ರದಾಚೆ ಇರೋ ಒಬ್ಬ ಮನುಷ್ಯನ ಬುದ್ಧಿ ಇವತ್ತು ಹೆಂಗಿದೆ ಅಂತ ದಿನಾ ಬೆಳಿಗ್ಗೆ ಎದ್ದು ಪೇಪರ್ ನೋಡ್ತೀವಿ. ಅಷ್ಟೇ ಗಾಬರಿಯಿಂದ ಬೈಬಲ್ ತೆಗೆದಿದ್ದೀವಾ?" ಕೆಲಸ ಹೋದ ಮೂವರು ಅವತ್ತು ಅವರ ಕೈ ಹಿಡಿದುಕೊಂಡರಂತೆ. ಮನುಷ್ಯ ಸುಳ್ಳು ಭಕ್ತನಲ್ಲ. ನಂಬಿದ್ದನ್ನೇ ಹೇಳುತ್ತಾರೆ, ಸ್ವಲ್ಪ ಗಟ್ಟಿಯಾಗಿ.

ಸಿನಿಮಾ ವಿಷಯಕ್ಕೆ ಮಾತ್ರ ಸರಕು ನನ್ನದು. ನಾನು ಶುಕ್ರವಾರ ಪಡ ನೋಡುತ್ತೇನೆ (ನಮ್ಮಲ್ಲಿ ಸಿನಿಮಾಗೆ ಪಡ ಎಂದೇ ಹೇಳುವುದು), ಶನಿವಾರ ಟೀ ಹೊತ್ತಿಗೆ ಅವರಿಗೆ ಕಥೆ ಹೇಳುತ್ತೇನೆ, ಭಾನುವಾರ ಅವರು ಅದನ್ನು ಖಂಡಿಸುತ್ತಾರೆ. ಕಾಲು ಜೋಮು ಹಿಡಿಯುವಷ್ಟು ಹೊತ್ತು ಕೂತು ನಾನು ತಂದ ಕಥೆಗೆ ಚರ್ಚಿನಲ್ಲಿ ಹೆಸರು ಅವರಿಗೆ. ನನ್ನ ಮಾತನ್ನು ಗಿರಾಕಿಗಳು ಚೌಕಾಸಿ ಮಾಡಲು ಮಾತ್ರ ಕೇಳುತ್ತಾರೆ. ಅವರ ಮಾತನ್ನು ಇಡೀ ಸಭೆ ಕೈಕಟ್ಟಿ ಕೇಳುತ್ತದೆ. ಇದಕ್ಕೂ ನನಗೆ ಸ್ವಲ್ಪ ಉರಿ ಇದೆ ಎಂದು ಇಟ್ಟುಕೊಳ್ಳಿ.

ಅವರು ಕೇಳುವ ರೀತಿ ಹೀಗೆ: ಬೆನ್ನು ತಿರುಗಿಸಿ ಲೈನಿಂಗ್ ಅಳೆಯುತ್ತಿರುತ್ತಾರೆ, ಕಿವಿ ನನ್ನ ಕಡೆ. ಇಂಟರ್‌ವಲ್ ಬಂದ ಕೂಡಲೇ ಕತ್ತರಿ ಎತ್ತಿ, "ಸಾಕು ಬಾಲು" ಎನ್ನುತ್ತಾರೆ.

"ಅಣ್ಣಾ, ಆಮೇಲೇ ಇರೋದು ಕಥೆ."

"ನನಗೆ ಬೇಕಾದ ಪಾಪ ಅಷ್ಟರಲ್ಲೇ ಸಿಕ್ತು. ಮಿಕ್ಕಿದ್ದು ಕೇಳಿದ್ರೆ ನೋಡಿದ ಹಾಗೇ."

ಅರ್ಧ ಕಥೆ ಕೇಳಿದರೆ ನೋಡಿದಂತಲ್ಲ, ಪೂರ್ತಿ ಕೇಳಿದರೆ ನೋಡಿದಂತೆ. ಈ ಗೆರೆಯನ್ನು ಅವರಿಗೆ ಯಾರು ಎಳೆದುಕೊಟ್ಟರೋ ಗೊತ್ತಿಲ್ಲ. ಆದರೆ ಅದನ್ನು ಅವರು ದಾಟಿದ್ದಿಲ್ಲ. ಹಾಗಾಗಿ ಮೈಕಿನ ಮುಂದೆಯೂ ಯಾವ ಸಿನಿಮಾದ ಕೊನೆಯ ಬಗ್ಗೆಯೂ ಮಾತಾಡುತ್ತಿರಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ವ್ಯವಹಾರಕ್ಕೆ ವಸಂತಕುಮಾರ್ ಅಡ್ಡ ಬಂದ. ತಿರುಪ್ಪೂರಿನ ಎಕ್ಸ್‌ಪೋರ್ಟ್ ಕಂಪನಿಯೊಂದರಲ್ಲಿದ್ದ ಹುಡುಗ, ಗಣಪತಿಗೆ ಮನೆ ಬದಲಾಯಿಸಿ ಅದೇ ಚರ್ಚಿಗೆ ಸೇರಿದ. ಗಿಟಾರ್ ಬಾರಿಸುತ್ತಾನೆ. ಮೊಬೈಲ್ ಮುಂದೆ ಕೂತು ಒಂದು ನಿಮಿಷ ಸುದ್ದಿ ಹೇಳಿ, ಒಂದು ಬೈಬಲ್ ವಚನ ಹೇಳಿ, ಚಾನೆಲ್ಲಿಗೆ ಬೆಲ್ ಒತ್ತಿ ಎಂದು ನಕ್ಕು ಮುಗಿಸುತ್ತಾನೆ. ಅದನ್ನು ನೋಡುವವರು ಗಣಪತಿಯಲ್ಲೂ ಇದ್ದಾರೆ, ದುಬೈಯಲ್ಲೂ ಇದ್ದಾರೆ.

ಜೆಬಮಣಿಯಣ್ಣ ಆ ವೀಡಿಯೋಗಳನ್ನು ತಮ್ಮ ಮೊಬೈಲಿನಲ್ಲಿ ನೋಡುವುದಿಲ್ಲ. ನನ್ನದರಲ್ಲಿ ನೋಡುತ್ತಾರೆ.

"ಎಷ್ಟು ಜನ ನೋಡವ್ರೆ?"

ಹೇಳಿದೆ. ನಂಬದೆ ಕನ್ನಡಕ ಹಾಕಿಕೊಂಡು ತಾವೇ ನೋಡಿದರು.

"ಹಲ್ಲು ಚೆನ್ನಾಗಿದೆ, ಅದಕ್ಕೇ" ಎಂದರು. "ಗಿಟಾರ್ ಇಟ್ಕೊಂಡ್ರೆ ಯಾರು ಬೇಕಾದ್ರೂ ಮಾತಾಡ್ಬೋದು."

"ನಿಮ್ಮ ದಾವೀದ ರಾಜನೂ ತಂತಿವಾದ್ಯ ಬಾರಿಸ್ತಿದ್ದ ಅಂತ ನೀವೇ ಹೇಳಿದ್ರಲ್ಲಣ್ಣಾ."

"ಬಾರಿಸ್ತಿದ್ದ. ಬಾರಿಸಿ ಬೆಲ್ ಒತ್ತಿ ಅಂದನಾ?"

ಅದಕ್ಕಿಂತ ಒಳಗೆ ಇಳಿದದ್ದು ಮನೆಯವರ ಮಾತು. ಅವರ ಹೆಂಡತಿ ಪಾಕ್ಕಿಯಂ ಮಧ್ಯಾಹ್ನ ಊಟದ ಕ್ಯಾರಿಯರ್ ತರುತ್ತಾರೆ. ಕಡಿಮೆ ಮಾತಿನ ಹೆಂಗಸು. ಒಂದು ದಿನ ಕ್ಯಾರಿಯರ್ ಇಟ್ಟು, "ಆ ಗಿಟಾರ್ ತಂಬಿ ಮಾತಾಡಿದ್ರೆ ಬೈಸ್ಕೊಂಡ ಹಂಗೆ ಇರಲ್ಲ" ಎಂದು ಸುಮ್ಮನೆ ಹೇಳಿ ಹೋದರು. ಜೆಬಮಣಿಯಣ್ಣ ಅವತ್ತು ಹಸಿರು ಸೀರೆ ತಂದವಳಿಗೆ ನೀಲಿ ಫಾಲ್ಸ್ ಕತ್ತರಿಸಿಕೊಟ್ಟರು. ಬಣ್ಣ ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ಸುದ್ದಿ ಬಂತು: ಚರ್ಚಿನ ಬೆಳೆಹಬ್ಬ ಮುಗಿದ ಮೇಲೆ ಕಮಿಟಿ ಕೂರುತ್ತದೆ, ಹೊಸ ವರ್ಷದಿಂದ ಆ ಮೂರು ನಿಮಿಷ ವಸಂತಕುಮಾರನಿಗೆ ಕೊಡಬೇಕು ಎಂದು ಕೆಲವರು ಕೇಳಿದ್ದಾರೆ. ಹಬ್ಬದ ಭಾನುವಾರ ಜೆಬಮಣಿಯಣ್ಣ ಏನು ಮಾತಾಡುತ್ತಾರೋ ಅದರ ಮೇಲೆ ಎಲ್ಲ ನಿಂತಿತ್ತು.

ಹಿಂದಿನ ಶನಿವಾರ ಅವರು ಟೀಗೆ ಕಾಯಲಿಲ್ಲ, ತಾವೇ ನನ್ನ ಅಂಗಡಿಗೆ ಬಂದರು. "ಏನಾದ್ರೂ ದೊಡ್ಡದಾಗಿ ಬೇಕು ಬಾಲು."

ಆಗ ಊರೆಲ್ಲ ಒಂದೇ ಪಡದ ಮಾತು, ಥಿಯೇಟರಿನಲ್ಲಿ ಓಡಿ ಟಿವಿಗೂ ಬಂದಿತ್ತು. ಹೇಳಿದೆ: ವ್ಯಾನ್ ಓಡಿಸುವ ಅಪ್ಪ, ಒಬ್ಬಳೇ ಮಗಳು. ಅವಳು ಯಾರನ್ನೋ ಮೆಚ್ಚಿ, ಅಪ್ಪನ ಎದುರು ನಿಂತು ಮಾತಾಡಬಾರದ್ದು ಮಾತಾಡಿ, ಮನೆ ಬಿಟ್ಟು ಹೋಗುತ್ತಾಳೆ. ಅಪ್ಪ ಮತ್ತೆ ಮತ್ತೆ ಫೋನ್ ಮಾಡುತ್ತಾನೆ, ಅವಳು ಫೋನನ್ನೇ ಆಫ್ ಮಾಡುತ್ತಾಳೆ. ಅಲ್ಲಿಗೆ ಇಂಟರ್‌ವಲ್.

"ಸಾಕು" ಎಂದರು. ಮುಖ ಬೆಳಗಿತ್ತು.

"ಅಣ್ಣಾ, ಈ ಪಡದಲ್ಲಿ ಮಾತ್ರ ಆಮೇಲಿನದ್ದು ಕೇಳ್ಲೇಬೇಕು."

"ನೀನು ಹೇಳೋದು ಬೇಡ. ನನಗೆ ಗೊತ್ತಾಗುತ್ತೆ."

ಹಬ್ಬದ ದಿನ ನನಗೂ ಕರೆ ಇತ್ತು. ಪ್ರತಿ ವರ್ಷ ಹೋಗುತ್ತೇನೆ. ಅವರ ಚರ್ಚಿನ ಮಟನ್ ಬಿರಿಯಾನಿಗೆ ಜಾತಿಮತ ಇಲ್ಲ. ಬಾಗಿಲಲ್ಲೆಲ್ಲ ಕಬ್ಬು, ಬಾಳೆಗೊನೆ, ಬೂದುಗುಂಬಳ. ನಾನು ಕೊನೆಯ ಬೆಂಚಿನಲ್ಲಿ ಕೂತೆ. ಎಡಗಡೆ ಹೆಂಗಸರ ಸಾಲು, ಎಲ್ಲರ ತಲೆ ಮೇಲೆ ಸೆರಗು. ಮುಖ ಕಾಣದಿದ್ದರೂ ನನಗೆ ಪರವಾಯಿಲ್ಲ. ನಾನು ಮಾರಿದ ಸೀರೆಯನ್ನು ಹಿಂದಿನಿಂದಲೂ ಗುರುತಿಸುತ್ತೇನೆ. ಮೂರನೇ ಸಾಲಿನ ಅರಗಿನ ಬಣ್ಣದ ಸೀರೆ, ಆನೆ ಬಾರ್ಡರ್, ಪಾಕ್ಕಿಯಂ.

ಜೆಬಮಣಿಯಣ್ಣ ಮೈಕು ಹಿಡಿದರು. ಮೊದಲರ್ಧ ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು. ಫೋನ್ ಆಫ್ ಆಗುವ ಜಾಗಕ್ಕೆ ಬಂದಾಗ ಸಭೆ ಉಸಿರು ಬಿಗಿಹಿಡಿಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಎರಡನೇ ಬೆಂಚಿನಲ್ಲಿ ವಸಂತಕುಮಾರ್ ಗಿಟಾರ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನನ್ನು ನೋಡಿದರು, ಮುಂದಕ್ಕೆ ಹೋದರು.

"ಕೊನೆಗೆ ಏನಾಗುತ್ತೆ ಗೊತ್ತಾ?" ಎಂದರು. "ಅಪ್ಪ ಬೀದೀಲಿ. ಮಗಳು ಬಂಗಲೇಲಿ ಕುಣೀತಾಳೆ. ತಿರುಗಿ ಕೂಡ ನೋಡಲ್ಲ! ಥಿಯೇಟರಲ್ಲಿ ಜನ ಕೈ ತಟ್ತಾರೆ. ಕಣ್ಣೀರನ್ನೆಲ್ಲ ಅಲ್ಲೇ ಖರ್ಚು ಮಾಡಿ ಮನೆಗೆ ಒಣಗಿದ ಕಣ್ಣು ತರೋ ಜನ ನಾವು!"

ಆ ಪಡದ ಕೊನೆ ಬಲ್ಲವರಿಗೆ ಹೇಳಬೇಕಾಗಿಲ್ಲ. ಅಪ್ಪನಿಗೆ ಪಾರ್ಶ್ವವಾಯು ಬಡಿದು ಮಾತು ಹೋಗುತ್ತದೆ. ಮಗಳು ಓಡಿ ಬಂದು, ಅವನ ಪಾದ ತೊಳೆದು, ಇಷ್ಟು ದಿನ ಹೇಳದ್ದನ್ನೆಲ್ಲ ಕಿವಿಯಲ್ಲಿ ಹೇಳುತ್ತಾಳೆ. ಥಿಯೇಟರಿನಲ್ಲಿ ನನ್ನ ಪಕ್ಕದ ಪೊಲೀಸಿನವನೂ ಅತ್ತಿದ್ದ.

ಚರ್ಚಿನಲ್ಲಿ ತಲೆಗಳು ಒಂದೊಂದಾಗಿ ಬಗ್ಗಿದವು. ನಾನು ಹಿಂದೆ ಇದ್ದೆ, ನಗು ತಡೆದು ಭುಜಗಳು ಕುಲುಕುವುದು ಕಾಣುತ್ತಿತ್ತು. ಸಿನಿಮಾ ನೋಡದ ಸಭೆಯಲ್ಲಿ ಅಷ್ಟೊಂದು ಭುಜಗಳು! ಪಾಸ್ಟರ್ ಅಯ್ಯ ಹಾಡಿನ ಪುಸ್ತಕವನ್ನು ಮುಖದ ತನಕ ಎತ್ತಿಕೊಂಡಿದ್ದರು. ಎದ್ದು ನಿಂತು "ಅದು ಹಾಗಲ್ಲ" ಎನ್ನಲು ಯಾರಿಗೂ ಬಾಯಿಲ್ಲ. ಎಂದರೆ ನೋಡಿದ್ದು ಗೊತ್ತಾಗುತ್ತದೆ. ವಸಂತಕುಮಾರ್ ಅರ್ಧ ಎದ್ದ, ಗಿಟಾರ್ ಸರಿಮಾಡಿಕೊಂಡಂತೆ ನಟಿಸಿ ಕೂತ. ಅರಗಿನ ಬಣ್ಣದ ಸೀರೆಯೂ ಬಗ್ಗಿತ್ತು. ಅದು ನಗುವೋ ಅಳುವೋ ಹಿಂದಿನಿಂದ ತಿಳಿಯಲಿಲ್ಲ.

ಮೈಕಿನ ಕಡೆಯಿಂದ ಅದೇ ನೋಟ ಬೇರೆ. ಬಿರಿಯಾನಿ ಪೆಂಡಾಲಿನಲ್ಲಿ ಜೆಬಮಣಿಯಣ್ಣ ನನ್ನ ಪಕ್ಕ ಕೂತು ಪಿಸುಗುಟ್ಟಿದರು: "ನೋಡಿದ್ಯಾ? ಇಡೀ ಸಭೆ ತಲೆ ತಗ್ಗಿಸ್ತು. ಪಾಕ್ಕಿಯಂ ಕಣ್ಣೊರೆಸಿಕೊಂಡ್ಳು ಕಣೋ. ನನ್ನ ಮಾತಿಗೆ!"

ನಾನು ಮೂಳೆಯ ಕಡೆ ಗಮನ ಕೊಟ್ಟೆ.

ಅಷ್ಟರಲ್ಲಿ ವಸಂತಕುಮಾರ್ ತಟ್ಟೆ ಹಿಡಿದು ಎದುರಿಗೆ ಕೂತ. ಒಳ್ಳೆಯ ಹುಡುಗ, ತಮಿಳಿನಲ್ಲಿ ಬಹಳ ಮರ್ಯಾದೆಯಿಂದಲೇ ಶುರುಮಾಡಿದ. "ಅಂಕಲ್, ಚೆನ್ನಾಗಿ ಮಾತಾಡಿದ್ರಿ. ಆದ್ರೆ ಕೊನೇಲಿ ಆ ಮಗಳು..."

ನಾಲಗೆ ಕಚ್ಚಿಕೊಂಡ. ಜೆಬಮಣಿಯಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. ಇಷ್ಟು ದಿನದ ಉರಿಗೆಲ್ಲ ಮದ್ದು ಸಿಕ್ಕಿತ್ತು.

"ಕೊನೇಲಿ? ಹೇಳಪ್ಪಾ. ಕೊನೇಲಿ ಆ ಮಗಳು ಏನು ಮಾಡ್ತಾಳೆ? ನಿನಗೆ ಹೆಂಗೆ ಗೊತ್ತು?" ಅಕ್ಕಪಕ್ಕದ ಎಲ್ಲರಿಗೂ ಕೇಳಬೇಕು, ಅಷ್ಟು ಗಟ್ಟಿಯಾಗಿ. ಎರಡು ಸಾಲು ಆಚೆ ಕಮಿಟಿಯವರ ಕೈಗಳೂ ನಿಂತವು. ಹುಡುಗನ ಕಿವಿ ಕೆಂಪಾಯಿತು.

ಈರುಳ್ಳಿ ಪಚ್ಚಡಿ ಬಡಿಸುತ್ತಾ ಬಂದಿದ್ದ ಪಾಕ್ಕಿಯಂ ಹುಡುಗನ ತಟ್ಟೆಗೆ ಒಂದು ಸೌಟು ಹಾಕಿದರು. "ವಾಪಸ್ ಬರ್ತಾಳೆ" ಎಂದರು, ಕನ್ನಡದಲ್ಲಿ, ಗಂಡನಿಗೆ. "ಬಂದು ಅಪ್ಪನ ಕಾಲು ತೊಳೀತಾಳೆ. ನಾನೂ ನೋಡಿದ್ದೀನಿ. ಆ ತಂಬೀನ ಬಿಡಿ."

"ನೀನಾ?"

"ಆಮಾ. ನಾದಿನಿ ಮನೇಲಿ, ಟಿವೀಲಿ."

ಜೆಬಮಣಿಯಣ್ಣ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕೇಳಿದ್ದು ಬೇರೆ: "ನೋಡ್ತಾ ಅತ್ತ್ಯಾ?"

"ಹೂಂ, ಅತ್ತೆ."

"ನಿಮ್ಮಮ್ಮ ಹೋದಾಗ್ಲೂ ನನ್ನ ಮುಂದೆ ನೀನು ಅಳ್ಲಿಲ್ಲ."

ಪಾಕ್ಕಿಯಂ ಪಚ್ಚಡಿ ಪಾತ್ರೆ ಸೊಂಟಕ್ಕೆ ಒತ್ತಿಕೊಂಡರು. "ಅತ್ತಿದ್ರೆ ಆ ಭಾನುವಾರವೇ ಮೈಕಿಗೆ ಬರ್ತಿತ್ತು. ನಿಮಗೆ ಮೂರು ನಿಮಿಷ ತುಂಬಬೇಕಲ್ಲ. ಪಚ್ಚಡಿ ಹಾಕ್ಲಾ ತಂಬಿ?" ಕೊನೆಯ ಮಾತು ನನಗೆ. ಹಾಕಿ ಅಂದೆ. ಬೇಡ ಅನ್ನುವ ಧೈರ್ಯ ಆಗ ಯಾರಿಗಿತ್ತು?

ಸೋಮವಾರ ಅವರು ತಡವಾಗಿ ಷಟರ್ ಎತ್ತಿದರು. ಟೀ ಹೊತ್ತಿಗೆ ನನ್ನ ಅಂಗಡಿಗೆ ಬಂದು ಗಿರಾಕಿಗಳು ಕೂರುವ ಚಾಪೆಯ ಮೇಲೆ ಕೂತರು, ಬೆನ್ನು ತಿರುಗಿಸಲಿಲ್ಲ.

"ಪಾಸ್ಟರ್ ಅಯ್ಯನಿಗೆ ಹೇಳ್ಬಿಟ್ಟೆ. ಮೂರು ನಿಮಿಷ ಆ ಹುಡುಗನಿಗೇ ಇರ್ಲಿ ಅಂತ."

"ಒಳ್ಳೇದಣ್ಣಾ."

"ಗಿಟಾರ್ ಬೇಡ ಅಂತಾನೂ ಹೇಳಿದ್ದೀನಿ." ಟೀ ಆರಿಸುತ್ತಾ ಬೀದಿ ನೋಡಿದರು. ನಗಲು ನನಗೆ ಧೈರ್ಯವಾಗಲಿಲ್ಲ. ಮತ್ತೆ ಅವರೇ: "ಹೇಳು ಬಾಲು. ಇಂಟರ್‌ವಲ್ ಆದ್ಮೇಲೆ."

ಹೇಳಿದೆ. ಮಗಳು ಬಸ್ಸಿಳಿದು ಓಡಿಬರುವುದು, ಅಪ್ಪ ಗುರುತು ಹಿಡಿದೂ ಮಾತಾಡಲಾರದೆ ಇರುವುದು, ಬಿಂದಿಗೆ, ನೀರು, ಪಾದ. ಹೇಳುತ್ತಾ ನಾನೇ ಕಣ್ಣೊರೆಸಿಕೊಂಡೆ. ಅವರ ಕಣ್ಣಲ್ಲಿ ನೀರಿಲ್ಲ. ಜರಿಯಲ್ಲಿ ದೋಷ ಹುಡುಕುವ ಗಿರಾಕಿಯ ಹಾಗೆ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು.

"ಯಾವ ಜಾಗದಲ್ಲಿ ಅತ್ತಿರ್ತಾಳೆ ಪಾಕ್ಕಿಯಂ? ಕಾಲು ತೊಳೆಯುವಾಗ್ಲಾ, ಕಿವೀಲಿ ಹೇಳುವಾಗ್ಲಾ?"

"ನಾನೇನು ಬಲ್ಲೆ ಅಣ್ಣಾ? ಮನೇಲಿ ಕೇಳಿ."

"ಕೇಳ್ತೀನಿ, ಕೇಳ್ತೀನಿ." ಲೋಟ ಕೆಳಗಿಟ್ಟು ಎದ್ದವರು ಹೊಸ್ತಿಲಲ್ಲಿ ನಿಂತರು. "ಆ ಅಪ್ಪನ ಪಾರ್ಟು ಮಾಡಿದವನು ಯಾರೋ?"

ಹೆಸರು ಹೇಳಿದೆ.

"ವಯಸ್ಸೆಷ್ಟು ಅವನಿಗೆ?"

"ನಿಮ್ಮಷ್ಟೇ ಇರ್ಬೋದು."

"ಫೋಟೋ ತೋರ್ಸು" ಎಂದು ಜೆಬಮಣಿಯಣ್ಣ ಕನ್ನಡಕಕ್ಕಾಗಿ ಜೇಬು ತಡಕಿದರು.